ಹಡಗು ಮುಳುಗಿದ ಮೇಲೆ: ಅದರೊಳಗಿನ ಎಣ್ಣೆ ಕಡಲಿಗೆ ಸೇರದಂತೆ ನೋಡಿಕೊಳ್ಳುವ ಬಗೆ

2022ರ ಜೂನ್ 21ರಂದು, ಮಳೆಗಾಲದ ಕಡಲು ಉಕ್ಕುತ್ತಿದ್ದ ಹೊತ್ತಿನಲ್ಲಿ, ಚೀನಾದ ಟಿಯಾಂಜಿನ್‌ನಿಂದ ಲೆಬನಾನಿನ ಕಡೆಗೆ ಹೊರಟಿದ್ದ ‘ಪ್ರಿನ್ಸೆಸ್ ಮಿರಾಲ್’ ಎಂಬ ಸರಕು ಹಡಗಿನೊಳಗೆ ನೀರು ನುಗ್ಗಿತು. ಅದು ಮಂಗಳೂರಿನ ದಕ್ಷಿಣಕ್ಕೆ, ಉಳ್ಳಾಲದ ಆಚೆಯ ಕಡಲಿನಲ್ಲಿ ತಳ ಹಿಡಿಯಿತು. ಅದರಲ್ಲಿದ್ದ ಸಿರಿಯಾದ 15 ನಾವಿಕರನ್ನು ಕೋಸ್ಟ್ ಗಾರ್ಡ್ ಸಿಬ್ಬಂದಿ ಅಂದೇ ಕಾಪಾಡಿ ದಡಕ್ಕೆ ತಂದರು. ಸುಮಾರು 8,000 ಟನ್ ಉಕ್ಕಿನ ಸುರುಳಿಗಳೂ ಇನ್ನೂರಕ್ಕೂ ಹೆಚ್ಚು ಟನ್ ಇಂಧನವೂ ಹಡಗಿನಲ್ಲೇ ಉಳಿದವು. ಜನರ ಪ್ರಾಣ ಉಳಿಯಿತೆಂದ ಕೂಡಲೇ ಸುದ್ದಿ ಮುಗಿದಂತಾಗುತ್ತದೆ. ಆದರೆ ಕಡಲಿನ ಮಟ್ಟಿಗೆ ಅಪಾಯದ ಲೆಕ್ಕ ಶುರುವಾಗುವುದು ಅಲ್ಲಿಂದಲೇ. ಉಕ್ಕಿನ ಸುರುಳಿ ನೀರಿನಡಿ ಸುಮ್ಮನೆ ಬಿದ್ದಿರುತ್ತದೆ, ಎಣ್ಣೆ ಹಾಗೆ ಬಿದ್ದಿರುವುದಿಲ್ಲ. ಟ್ಯಾಂಕಿನ ತಗಡು ಸವೆಯುವವರೆಗೆ ಮಾತ್ರ ಅದು ಕಾಯುತ್ತದೆ.

ಜಗತ್ತಿನ ಕಡಲುಗಳಲ್ಲಿ ಮಾಲಿನ್ಯದ ಭಯವಿರುವ ಮುಳುಗಿದ ಹಡಗುಗಳ ಸಂಖ್ಯೆ 8,500ಕ್ಕೂ ಹೆಚ್ಚು ಎಂದು 2005ರ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಅವುಗಳಲ್ಲಿ ಮುಕ್ಕಾಲು ಪಾಲು ಎರಡನೆಯ ಮಹಾಯುದ್ಧದ ಕಾಲದವು. ಅವುಗಳೊಳಗಿನ ಎಣ್ಣೆ 25 ಲಕ್ಷ ಟನ್ನಿನಿಂದ 2 ಕೋಟಿ ಟನ್ನಿನವರೆಗೆ ಇರಬಹುದು ಎಂಬುದು ಆ ಅಧ್ಯಯನದ ಅಂದಾಜು. ಅಂದಾಜಿನ ಎರಡು ತುದಿಗಳ ನಡುವೆ ಇಷ್ಟು ಅಂತರವಿರುವುದಕ್ಕೆ ಕಾರಣ, ಬಹುಪಾಲು ಹಡಗುಗಳ ಬಳಿಗೆ ಇನ್ನೂ ಯಾರೂ ಹೋಗಿ ನೋಡಿಲ್ಲ. ಉಪ್ಪುನೀರಿನಲ್ಲಿ ಉಕ್ಕು ವರ್ಷಕ್ಕೆ ಸುಮಾರು 0.1 ಮಿಲಿಮೀಟರ್ ಸವೆಯುತ್ತದೆ ಎಂಬುದು ಈ ಕೆಲಸದಲ್ಲಿರುವವರ ಸಾಮಾನ್ಯ ಲೆಕ್ಕ. 12 ಮಿಲಿಮೀಟರ್ ದಪ್ಪದ ತಗಡು 80 ವರ್ಷದಲ್ಲಿ 8 ಮಿಲಿಮೀಟರಿನಷ್ಟು ಕರಗಿರುತ್ತದೆ. 1940ರ ದಶಕದ ಹಡಗುಗಳು ಈಗ ಒಂದರ ಹಿಂದೊಂದು ಸೋರತೊಡಗಿರುವುದರ ಗುಟ್ಟು ಇದರಲ್ಲಿದೆ.

ಕರಾವಳಿಯ ಗ್ರಾಮ ಪಂಚಾಯಿತಿಯವರು, ಮೀನುಗಾರರ ಸಂಘಗಳ ಪದಾಧಿಕಾರಿಗಳು, ಜಿಲ್ಲಾಡಳಿತದ ವಿಪತ್ತು ವಿಭಾಗದ ಸಿಬ್ಬಂದಿ, ಬಂದರಿನಲ್ಲಿ ದುಡಿಯುವವರು ಮತ್ತು ಈ ವಿಷಯ ಓದುತ್ತಿರುವ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ನೀರಿನಡಿಯ ಕೆಲಸ ಪರಿಣತರದು. ಅವರು ಬರುವ ಮೊದಲು, ಕೆಲಸ ಮಾಡುವಾಗ ಮತ್ತು ಹೋದ ಮೇಲೆ ದಡದವರು ಮಾಡಬೇಕಾದದ್ದು ನಾವು ಅಂದುಕೊಂಡಿರುವುದಕ್ಕಿಂತ ಹೆಚ್ಚಿದೆ.

ಮೊದಲು ಕಾಗದ ಹಿಡಿಯಿರಿ

ಹಡಗು ಮುಳುಗಿದೊಡನೆ ಎಲ್ಲರ ಕಣ್ಣೂ ಕಡಲಿನ ಮೇಲಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಮೊದಲ 48 ಗಂಟೆಗಳಲ್ಲಿ ಬೆಲೆಬಾಳುವ ಮಾಹಿತಿ ಇರುವುದು ದಡದಲ್ಲಿ, ಪಾರಾಗಿ ಬಂದ ನಾವಿಕರ ಬಳಿ ಮತ್ತು ಹಡಗಿನ ಏಜೆಂಟರ ಕಡತದಲ್ಲಿ. ಇಂಧನದ ಲೆಕ್ಕ ತಲೆಯಲ್ಲಿರುವುದು ಮುಖ್ಯ ಎಂಜಿನಿಯರನಿಗೆ. ಆತ ವಿಮಾನ ಹತ್ತಿ ತನ್ನ ದೇಶಕ್ಕೆ ಹೋಗುವ ಮೊದಲೇ, ಯಾವ ಟ್ಯಾಂಕಿನಲ್ಲಿ ಎಷ್ಟಿತ್ತು, ಯಾವುದು ಫರ್ನೇಸ್ ಆಯಿಲ್, ಯಾವುದು ಡೀಸೆಲ್, ಯಾವ ವಾಲ್ವ್ ಮುಚ್ಚಿ ಬಂದಿದ್ದಾರೆ, ಯಾವುದನ್ನು ತೆರೆದಂತೆಯೇ ಬಿಟ್ಟು ಬಂದಿದ್ದಾರೆ ಎಂಬ ಹೇಳಿಕೆಯನ್ನು ಬರೆಸಿಕೊಳ್ಳಬೇಕು.

ಆತನ ಹೇಳಿಕೆಯನ್ನು ಕಾಗದದೊಂದಿಗೆ ತಾಳೆ ನೋಡಬಹುದು. ಹಡಗು ಕಡೆಯ ಸಲ ಎಣ್ಣೆ ತುಂಬಿಸಿಕೊಂಡಾಗ ಕೊಟ್ಟ ರಸೀದಿ, ದಿನಕ್ಕೆ ಎಷ್ಟು ಟನ್ ಉರಿಯುತ್ತದೆ ಎಂಬ ವರದಿ, ಪಯಣದ ದಿನಗಳು ಈ ಮೂರೂ ಸಿಕ್ಕರೆ ಬಾಕಿ ಎಷ್ಟೆಂಬುದು ಕೂಡಿಸಿ ಕಳೆಯುವ ಲೆಕ್ಕವಷ್ಟೇ. ಉದಾಹರಣೆಗೆ, 400 ಟನ್ ತುಂಬಿಸಿಕೊಂಡು ದಿನಕ್ಕೆ 18 ಟನ್ನಿನಂತೆ 15 ದಿನ ಓಡಿದ ಹಡಗಿನಲ್ಲಿ ಉಳಿದಿರುವುದು ಸುಮಾರು 130 ಟನ್. ಟ್ಯಾಂಕುಗಳ ನಕ್ಷೆಯನ್ನು ಹಡಗಿನ ವರ್ಗೀಕರಣ ಸಂಸ್ಥೆಯಿಂದ, ಅಂದರೆ ಹಡಗಿನ ಕಟ್ಟಡವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಸಂಸ್ಥೆಯಿಂದ, ತರಿಸಿಕೊಳ್ಳಬಹುದು. ಈ ನಕ್ಷೆಯಿಲ್ಲದೆ ಕೆಳಗಿಳಿದ ಮುಳುಗು ತಜ್ಞ ಕತ್ತಲೆಯಲ್ಲಿ ಗೋಡೆ ತಡವಿದಂತೆಯೇ.

ಇಂಧನದಷ್ಟೇ ಮುಖ್ಯವಾದದ್ದು ಸರಕಿನ ಪಟ್ಟಿ. 2025ರ ಮೇ 25ರಂದು ಕೇರಳದ ಕಡಲಿನಲ್ಲಿ ಮುಳುಗಿದ ‘ಎಂಎಸ್‌ಸಿ ಎಲ್ಸಾ 3’ ಹಡಗಿನಲ್ಲಿ 640ರಷ್ಟು ಕಂಟೇನರುಗಳಿದ್ದವು. ಅವುಗಳಲ್ಲಿ 13ರಲ್ಲಿ ಅಪಾಯಕಾರಿ ಸರಕು ಇತ್ತು, 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ಟ್ಯಾಂಕುಗಳಲ್ಲಿ 84 ಟನ್ನಿನಷ್ಟು ಡೀಸೆಲ್, 367 ಟನ್ ಫರ್ನೇಸ್ ಆಯಿಲ್ ಇದ್ದವು. ಈ ಅಂಕಿಗಳು ಬೇಗ ಹೊರಬಂದದ್ದರಿಂದ, ದಡಕ್ಕೆ ತೇಲಿ ಬರುವ ಕಂಟೇನರನ್ನು ಮುಟ್ಟಬೇಡಿ ಎಂಬ ಎಚ್ಚರಿಕೆ ಹೊರಡಿಸಲು ಸಾಧ್ಯವಾಯಿತು. ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ತಾಗಿದರೆ ಅಸಿಟಿಲೀನ್ ಹುಟ್ಟುತ್ತದೆ, ಬೆಸುಗೆ ಅಂಗಡಿಯಲ್ಲಿ ಉರಿಯುವ ಅನಿಲವೇ ಅದು. ಆದರೆ ತಿರುವನಂತಪುರದವರೆಗಿನ ಮರಳಿನ ಮೇಲೆ ಬಹುಕಾಲ ಉಳಿದದ್ದು ‘ಅಪಾಯಕಾರಿ’ ಪಟ್ಟಿಯಲ್ಲಿಲ್ಲದ ಸರಕು: ಸಾಸಿವೆಗಿಂತ ತುಸು ದೊಡ್ಡದಾದ ಬಿಳಿಯ ಪ್ಲಾಸ್ಟಿಕ್ ಕಾಳುಗಳು. ಹೀಗಾಗಿ ಅಪಾಯಕಾರಿ ಸರಕಿನ ಪಟ್ಟಿಯೊಂದೇ ಸಾಲದು, ಪೂರ್ತಿ ಪಟ್ಟಿಯನ್ನೇ ಕೇಳಿ ಪಡೆಯಬೇಕು.

ಕಂಡದ್ದನ್ನು ಅಳತೆಯೊಂದಿಗೆ ತಿಳಿಸಿ

ಮುಳುಗಿದ ಜಾಗಕ್ಕೆ ದೀಪದ ಬೋಯೆ ಹಾಕಿಸುವುದು ಮತ್ತು ನಾವಿಕರಿಗೆ ಎಚ್ಚರಿಕೆ ಹೊರಡಿಸುವುದು ಆಡಳಿತದ ಹೊಣೆ. ಬೋಟಿನವರು ಆ ಜಾಗದ ಜಿಪಿಎಸ್ ಅಂಕಿಗಳನ್ನು ಕೂಡಲೇ ತಮ್ಮ ಯಂತ್ರಗಳಲ್ಲಿ ದಾಖಲಿಸಿಕೊಳ್ಳಬೇಕು. ಟ್ರಾಲ್ ಬಲೆ ಹಡಗಿಗೆ ಸಿಕ್ಕಿಕೊಂಡರೆ ಬಲೆ ಹೋಗುವುದರ ಜತೆಗೆ ಟ್ಯಾಂಕಿನ ಗಾಳಿಕೊಳವೆಯೊಂದು ಮುರಿದು ಸೋರಿಕೆಯೂ ಶುರುವಾಗಬಹುದು.

ನೀರಿನ ಮೇಲೆ ಎಣ್ಣೆ ಕಂಡವರು ಕೋಸ್ಟ್ ಗಾರ್ಡಿನ 1554 ಸಂಖ್ಯೆಗೆ ಕರೆ ಮಾಡಬಹುದು. ಭಾರತದಲ್ಲಿ ಸಮುದ್ರದ ಎಣ್ಣೆ ಸೋರಿಕೆಯನ್ನು ಎದುರಿಸುವ ರಾಷ್ಟ್ರೀಯ ಯೋಜನೆಯ ಸಮನ್ವಯ ಅವರದೇ. ಕರೆ ಮಾಡುವಾಗ ‘ತುಂಬಾ ಎಣ್ಣೆ ಇದೆ’ ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಸಮಯ, ಜಿಪಿಎಸ್ ಅಂಕಿ, ಗಾಳಿಯ ದಿಕ್ಕು, ಎಣ್ಣೆಯ ಪಟ್ಟೆಯ ಉದ್ದಗಲ ಮತ್ತು ಬಣ್ಣ, ಈ ಐದನ್ನು ಹೇಳಿದರೆ ಅವರು ಅಲ್ಲಿಂದಲೇ ಪ್ರಮಾಣವನ್ನು ಅಂದಾಜು ಮಾಡಬಲ್ಲರು. ಯುರೋಪಿನ ಬಾನ್ ಒಪ್ಪಂದದ ಅಡಿಯಲ್ಲಿ ರೂಪುಗೊಂಡ ಬಣ್ಣದ ಮಾಪನ ಈ ಕೆಲಸಕ್ಕೆಂದೇ ಇದೆ. ಒಂದು ಕಿಲೋಮೀಟರ್ ಉದ್ದ, ನೂರು ಮೀಟರ್ ಅಗಲದ ಪಟ್ಟೆ ಬೆಳ್ಳಿಯ ಹೊಳಪಿನದಾಗಿದ್ದರೆ ಅದರಲ್ಲಿರುವುದು 4ರಿಂದ 30 ಲೀಟರ್ ಎಣ್ಣೆ. ಅಷ್ಟೇ ದೊಡ್ಡ ಪಟ್ಟೆಯಲ್ಲಿ ಕಾಮನಬಿಲ್ಲಿನ ಬಣ್ಣಗಳು ಕಂಡರೆ 30ರಿಂದ 500 ಲೀಟರ್. ಆಕಾಶವನ್ನು ಕನ್ನಡಿಯಂತೆ ಪ್ರತಿಫಲಿಸುವ ಲೋಹದ ಬಣ್ಣವಿದ್ದರೆ 500ರಿಂದ 5,000 ಲೀಟರ್. ಮಳೆಬಿದ್ದ ರಸ್ತೆಯಲ್ಲಿ ಬೈಕಿನಿಂದ ತೊಟ್ಟಿಕ್ಕಿದ ಪೆಟ್ರೋಲು ಎಷ್ಟಗಲ ಬಣ್ಣ ಹರಡುತ್ತದೆಂದು ನೋಡಿದವರಿಗೆ ಇದು ಅಚ್ಚರಿಯೆನಿಸದು. ಬಣ್ಣಬಣ್ಣದ ಅಗಲವಾದ ಪಟ್ಟೆಗಿಂತ ಕಪ್ಪಾದ ಸಣ್ಣ ಪಟ್ಟೆಗೇ ಹೆಚ್ಚು ಹೆದರಬೇಕು.

ಎಣ್ಣೆ ಎತ್ತ ಹೋದೀತು ಎಂಬುದಕ್ಕೂ ಕೈಲೆಕ್ಕವಿದೆ. ಅದು ನೀರಿನ ಸೆಳೆತದ ಜತೆಗೆ ಗಾಳಿಯ ವೇಗದ ಶೇಕಡಾ 3ರಷ್ಟು ವೇಗದಲ್ಲಿ ಸಾಗುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗದ ಪಡುಗಾಳಿ ಬೀಸುತ್ತಿದ್ದರೆ ಎಣ್ಣೆ ಗಂಟೆಗೆ ಒಂದು ಕಿಲೋಮೀಟರಿನಷ್ಟು ದಡದತ್ತ ಬರುತ್ತದೆ. ಕಡಲಿನ ಸ್ಥಿತಿಗತಿಯ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಗಾಳಿ, ಸೆಳೆತಗಳನ್ನು ಸೇರಿಸಿ ಇದಕ್ಕಿಂತ ನಿಖರವಾದ ಮುನ್ಸೂಚನೆ ಕೊಡುತ್ತದೆ. ಅದು ಬರುವವರೆಗೆ ಕಾಯುತ್ತ ಕೂರಬೇಕಿಲ್ಲ.

ಎಣ್ಣೆ ಯಾವ ಹಡಗಿನದು?

ಪ್ರತಿ ಮಳೆಗಾಲದ ಆರಂಭದಲ್ಲಿ ಗೋವಾದಿಂದ ಕರಾವಳಿಯುದ್ದಕ್ಕೂ ಡಾಂಬರಿನಂಥ ಉಂಡೆಗಳು ದಡಕ್ಕೆ ಬರುವುದುಂಟು. ಕಾಲಿಗೆ ಮೆತ್ತಿದ ಈ ಟಾರನ್ನು ತೆಂಗಿನೆಣ್ಣೆ ಹಚ್ಚಿ ಉಜ್ಜಿ ತೆಗೆಯುವುದು ಇಲ್ಲಿ ಬೆಳೆದ ನಮಗೆಲ್ಲ ಗೊತ್ತು. ಹೋಗುವ ಹಡಗುಗಳು ತೊಳೆದು ಬಿಟ್ಟ ಎಣ್ಣೆಯಿಂದಲೂ ಇಂಥ ಉಂಡೆಗಳು ಆಗುತ್ತವೆ. ಆದ್ದರಿಂದ ಮರಳಿನ ಮೇಲೆ ಕಂಡ ಎಣ್ಣೆಯೆಲ್ಲ ಮುಳುಗಿದ ಹಡಗಿನದೇ ಎಂದು ಹೇಳಲಾಗದು, ಅಲ್ಲ ಎಂದು ತಳ್ಳಿಹಾಕಲೂ ಆಗದು.

ಸ್ಯಾನ್ ಫ್ರಾನ್ಸಿಸ್ಕೋದವರು ಈ ಗೊಂದಲದಲ್ಲಿ ವರ್ಷಗಟ್ಟಲೆ ಕಳೆದರು. ಚಳಿಗಾಲದಲ್ಲಿ ಬಿರುಗಾಳಿ ಎದ್ದಾಗಲೆಲ್ಲ ಎಣ್ಣೆ ಮೆತ್ತಿದ ಹಕ್ಕಿಗಳು ದಡಕ್ಕೆ ಬರುತ್ತಿದ್ದವು, ಆದರೆ ಎಣ್ಣೆ ಚೆಲ್ಲಿದ ಹಡಗು ಮಾತ್ರ ಕಾಣುತ್ತಿರಲಿಲ್ಲ. ಕೊನೆಗೆ 2002ರಲ್ಲಿ, ಹಕ್ಕಿಯ ರೆಕ್ಕೆಯ ಎಣ್ಣೆಯನ್ನೂ ಕಡಲಿನ ಎಣ್ಣೆಯನ್ನೂ ಪ್ರಯೋಗಾಲಯದಲ್ಲಿ ಹೋಲಿಸಿ ನೋಡಿದಾಗ, ಅದು 1953ರ ಜುಲೈ 14ರಂದು ಇನ್ನೊಂದು ಹಡಗಿಗೆ ಡಿಕ್ಕಿ ಹೊಡೆದು ಮುಳುಗಿದ್ದ ‘ಜೇಕಬ್ ಲಕೆನ್‌ಬಾಕ್’ ಹಡಗಿನದೆಂದು ತಿಳಿಯಿತು. ಅಷ್ಟರಲ್ಲಿ ಸತ್ತ ಹಕ್ಕಿಗಳ ಸಂಖ್ಯೆ, 1990ರಿಂದೀಚಿನ ಲೆಕ್ಕ ಮಾತ್ರ ಹಿಡಿದರೂ, 50,000 ದಾಟಿತ್ತು. ಅರ್ಧ ಶತಮಾನದ ಹಿಂದೆ ಮುಳುಗಿದ ಹಡಗು ಎಲ್ಲರ ನೆನಪಿನಿಂದಲೂ ಹೋಗಿತ್ತು.

ಪ್ರತಿಯೊಂದು ಎಣ್ಣೆಗೂ ಬೆರಳಚ್ಚಿನಂಥ ರಾಸಾಯನಿಕ ಗುರುತಿರುತ್ತದೆ. ಅದು ಸಿಗಬೇಕಾದರೆ ಮಾದರಿಯನ್ನು ಕೆಡದಂತೆ ತೆಗೆಯಬೇಕು. ಖಾಲಿ ನೀರಿನ ಬಾಟಲಿ ಬೇಡ, ಏಕೆಂದರೆ ಪ್ಲಾಸ್ಟಿಕ್ಕಿನ ಅಂಶ ಎಣ್ಣೆಯಲ್ಲಿ ಕರಗಿ ಪರೀಕ್ಷೆಯ ಫಲವನ್ನು ಕೆಡಿಸುತ್ತದೆ. ತೊಳೆದು ಒಣಗಿಸಿದ ಗಾಜಿನ ಸೀಸೆಗೆ ಎಣ್ಣೆ ತುಂಬಿ, ಬಾಯಿಗೆ ಅಲ್ಯೂಮಿನಿಯಂ ಹಾಳೆ ಇಟ್ಟು ಮುಚ್ಚಳ ಹಾಕಬೇಕು. ಮೇಲೆ ಜಾಗ, ದಿನ, ಗಂಟೆ, ತೆಗೆದವರ ಹೆಸರು ಬರೆದು, ಇಬ್ಬರ ಸಹಿ ಹಾಕಿಸಿ, ಬಿಸಿಲು ತಾಗದ ತಣ್ಣನೆಯ ಕಡೆ ಇಡಬೇಕು. ಪರಿಹಾರದ ಮೊಕದ್ದಮೆ ಮುಂದೆ ಈ ಸೀಸೆಯ ಮೇಲೆಯೇ ನಿಲ್ಲಬಹುದು. ಅದಕ್ಕಾಗಿ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ದಾಖಲೆಯೂ ಬೇಕು.

ಕೆಳಗೆ ಹೋಗಿ ನೋಡುವುದು

ಸೋನಾರ್ ಹಾಯಿಸಿದರೆ ಹಡಗು ಯಾವ ಭಂಗಿಯಲ್ಲಿ ಮಲಗಿದೆ, ತುಂಡಾಗಿದೆಯೇ, ಕೆಸರಿನಲ್ಲಿ ಎಷ್ಟು ಹೂತಿದೆ ಎಂಬುದು ತಿಳಿಯುತ್ತದೆ. ಆಮೇಲೆ ಕ್ಯಾಮೆರಾ ಹೊತ್ತ ಯಂತ್ರವನ್ನೋ ಮುಳುಗು ತಜ್ಞರನ್ನೋ ಇಳಿಸಿ, ತಗಡಿನ ದಪ್ಪವನ್ನು ಶ್ರವಣಾತೀತ ತರಂಗದ ಉಪಕರಣದಿಂದ ಅಳೆಯುತ್ತಾರೆ. ಒಂದು ಕಡೆ ಅಳೆದರೆ ಸಾಲದು. ತಗಡು ಸಮನಾಗಿ ಸವೆಯುವುದಿಲ್ಲ, ಬೆಸುಗೆಯ ಅಂಚಿನಲ್ಲಿ, ರಿವೆಟ್ಟಿನ ಸುತ್ತ ಮೊದಲು ತೂತಾಗುತ್ತದೆ. ಟ್ಯಾಂಕಿನೊಳಗೆ ಎಣ್ಣೆ ಎಲ್ಲಿಯವರೆಗಿದೆ, ನೀರು ಎಲ್ಲಿಂದ ಶುರುವಾಗುತ್ತದೆ ಎಂದು ಹೊರಗಿನಿಂದಲೇ ತಿಳಿಯಲು ನ್ಯೂಟ್ರಾನ್ ಉಪಕರಣವನ್ನೂ ಬಳಸುವುದುಂಟು.

ಭಂಗಿ ಮುಖ್ಯವಾಗುವುದು ಏಕೆಂದರೆ, ಎಣ್ಣೆ ಸಾಮಾನ್ಯವಾಗಿ ನೀರಿನ ಮೇಲಿರುತ್ತದೆ. ಹಡಗು ತಲೆಕೆಳಗಾಗಿ ಬಿದ್ದಿದ್ದರೆ ಅದರ ತಳವೇ ಮೇಲಾಗುತ್ತದೆ, ಎಣ್ಣೆಯೂ ತಳದ ತಗಡಿಗೇ ಅಂಟಿಕೊಂಡು ನಿಂತಿರುತ್ತದೆ. ಆಗ ತೂತು ಕೊರೆಯಬೇಕಾದದ್ದು ಅಲ್ಲಿ.

ಬಿಡುವುದೋ, ಮುಚ್ಚುವುದೋ, ತೆಗೆಯುವುದೋ

ಈ ಹಂತದಲ್ಲಿ ‘ಹಡಗನ್ನೇ ಎತ್ತಿ’ ಎಂಬ ಕೂಗು ಏಳುವುದು ಸಹಜ. ಹಡಗು ಕಣ್ಣಿಗೆ ಕಾಣುವ ವಸ್ತುವಾದ್ದರಿಂದ ರಾಜಕೀಯವಾಗಿಯೂ ಆ ಕೂಗಿಗೆ ಬೆಲೆ ಇರುತ್ತದೆ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಹಡಗನ್ನು ಎತ್ತುವುದಕ್ಕಿಂತ ಎಣ್ಣೆಯನ್ನು ತೆಗೆಯುವುದೇ ಜಾಣತನ. ಸವೆದ ಒಡಲನ್ನು ಎತ್ತಲು ಹೋಗಿ ಟ್ಯಾಂಕು ಒಡೆದರೆ, ವರ್ಷಗಳಲ್ಲಿ ಸೋರಬೇಕಾದದ್ದು ಒಂದೇ ಗಳಿಗೆಯಲ್ಲಿ ಸೋರುತ್ತದೆ. ಬಂದರಿನ ಹಾದಿಗೆ ಅಡ್ಡ ಬಿದ್ದ ಹಡಗಿನ ಮಾತು ಬೇರೆ.

ತೂಗಿ ನೋಡಬೇಕಾದ ಪ್ರಶ್ನೆಗಳು ನಾಲ್ಕು. ಎಷ್ಟು ಎಣ್ಣೆ ಇದೆ, ತಗಡು ಇನ್ನೆಷ್ಟು ವರ್ಷ ತಾಳೀತು, ಸೋರಿದರೆ ಯಾವ ತೀರಕ್ಕೆ ಹೋದೀತು, ತೆಗೆಯಲು ಹೋದರೆ ಎಷ್ಟು ಕೆಟ್ಟೀತು. ಇವುಗಳ ಉತ್ತರ ಸಿಕ್ಕಿದ ಮೇಲೂ ತೀರ್ಮಾನ ಸುಲಭವಲ್ಲ ಎಂಬುದಕ್ಕೆ ನಾರ್ವೆಯ ಫೇದ್ಯೆ ದ್ವೀಪದ ಬಳಿ 150 ಮೀಟರ್ ಆಳದಲ್ಲಿರುವ ಜರ್ಮನಿಯ ‘ಯು-864’ ಜಲಾಂತರ್ಗಾಮಿ ಸಾಕ್ಷಿ. 1945ರ ಫೆಬ್ರುವರಿ 9ರಂದು ಮುಳುಗಿದ ಅದು ಜಪಾನಿಗೆ ಸಾಗಿಸುತ್ತಿದ್ದದ್ದು ಉಕ್ಕಿನ ಸೀಸೆಗಳಲ್ಲಿ ತುಂಬಿದ ಸುಮಾರು 67 ಟನ್ ಪಾದರಸ. ಎತ್ತಿದರೆ ಸೀಸೆ ಒಡೆದಾವು, ಬಿಟ್ಟರೆ ತುಕ್ಕು ಹಿಡಿದು ಒಡೆದಾವು. ಮರಳು, ಕಲ್ಲು ಹೊದಿಸಿ ಹೂತುಬಿಡಬೇಕೇ, ಹೊರತೆಗೆಯಬೇಕೇ ಎಂಬ ಚರ್ಚೆಯನ್ನು ಆ ದೇಶ 2003ರಿಂದ ನಡೆಸಿಕೊಂಡು ಬಂದಿದೆ.

ಇನ್ನೊಂದು ಬಗೆಯ ತೊಡಕು ಯುದ್ಧನೌಕೆಗಳದು. ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋದಲ್ಲಿ 1939ರ ಅಕ್ಟೋಬರ್ 14ರಂದು 800ಕ್ಕೂ ಹೆಚ್ಚು ನಾವಿಕರೊಂದಿಗೆ ಮುಳುಗಿದ ‘ರಾಯಲ್ ಓಕ್’ ಅವರೆಲ್ಲರ ಸಮಾಧಿಯೂ ಹೌದು. ಅಲ್ಲಿ ಒಡಲನ್ನು ಕೆದಕದೆ, ಹಂತಹಂತವಾಗಿ ಟ್ಯಾಂಕುಗಳ ಎಣ್ಣೆಯನ್ನು ಮಾತ್ರ ಹೊರತೆಗೆಯುತ್ತ ಬಂದಿದ್ದಾರೆ. 1971ರ ಡಿಸೆಂಬರ್ 9ರಂದು ದಿಯು ಕಡಲಿನಲ್ಲಿ ಮುಳುಗಿದ ನಮ್ಮ ‘ಐಎನ್‌ಎಸ್ ಖುಕ್ರಿ’ಯನ್ನು ನೆನೆದರೆ ಆ ಎಚ್ಚರ ಏಕೆಂದು ತಿಳಿಯುತ್ತದೆ.

ಆಳ ಹೆಚ್ಚೆಂದು ಕೈಚೆಲ್ಲಬೇಕಿಲ್ಲ ಎಂಬುದನ್ನು ಸ್ಪೇನ್ ತೋರಿಸಿದೆ. 2002ರ ನವೆಂಬರಿನಲ್ಲಿ ಗಲೀಸಿಯಾದ ಆಚೆ ಮುಳುಗಿದ ‘ಪ್ರೆಸ್ಟೀಜ್’ ತೈಲಹಡಗು 3,500 ಮೀಟರಿಗೂ ಆಳದಲ್ಲಿತ್ತು. 2004ರಲ್ಲಿ ಯಂತ್ರಗಳನ್ನೇ ಇಳಿಸಿ, ಎಣ್ಣೆಯನ್ನು ದೊಡ್ಡ ಕೊಳಗಗಳಿಗೆ ತುಂಬಿಸಿ ಮೇಲೆ ತಂದು, ಸುಮಾರು 13,000 ಟನ್ ಹೊರತೆಗೆದರು. ವೆಚ್ಚ ಮಾತ್ರ ಹತ್ತು ಕೋಟಿ ಯೂರೋದ ಆಸುಪಾಸಿಗೆ ಹೋಯಿತು.

ಟ್ಯಾಂಕು ಖಾಲಿ ಮಾಡುವ ಬಗೆ

ನೀರಿನಡಿಯ ಟ್ಯಾಂಕಿಗೆ ತೂತು ಕೊರೆದರೆ ಎಣ್ಣೆ ಚಿಮ್ಮಿ ಹೊರಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. ‘ಹಾಟ್ ಟ್ಯಾಪಿಂಗ್’ ಎಂಬ ವಿಧಾನ ಹುಟ್ಟಿದ್ದೇ ಇದಕ್ಕಾಗಿ.

ಮುಳುಗು ತಜ್ಞ ಮೊದಲು ತಗಡಿನ ಮೇಲೆ ಬೆಳೆದ ಚಿಪ್ಪು, ಪಾಚಿಯನ್ನೆಲ್ಲ ಕೆರೆದು ಒಂದು ಊಟದ ತಟ್ಟೆಯಗಲ ಜಾಗವನ್ನು ಬೋಳುಮಾಡುತ್ತಾನೆ. ದಪ್ಪ ಅಳೆದು, ಬೋಲ್ಟು ಹಿಡಿಯುವಷ್ಟು ಗಟ್ಟಿಯಿದೆಯೆಂದು ಖಚಿತಪಡಿಸಿಕೊಂಡ ಮೇಲೆ, ರಬ್ಬರಿನ ಪಟ್ಟಿಯಿಟ್ಟು ಉಕ್ಕಿನ ಬಳೆಯೊಂದನ್ನು ಅಲ್ಲಿಗೆ ಬಿಗಿಯುತ್ತಾನೆ. ಬಳೆಯ ಮೇಲೆ ವಾಲ್ವ್, ವಾಲ್ವಿನ ಮೇಲೆ ಕೊರೆಯುವ ಯಂತ್ರ. ವಾಲ್ವ್ ತೆರೆದು, ಅದರ ನಡುವಿನಿಂದಲೇ ಕೊರಕವನ್ನು ಹಾಯಿಸಿ ತಗಡನ್ನು ಬಿಲ್ಲೆಯಂತೆ ಕತ್ತರಿಸಿ, ಕೊರಕವನ್ನು ಹಿಂದೆಗೆದು ವಾಲ್ವ್ ಮುಚ್ಚುತ್ತಾನೆ. ಇಷ್ಟರಲ್ಲಿ ಟ್ಯಾಂಕಿಗೆ ಬಾಗಿಲು ಬಿದ್ದಿರುತ್ತದೆ, ಒಂದು ಲೋಟದಷ್ಟೂ ಎಣ್ಣೆ ಹೊರಗೆ ಹೋಗಿರುವುದಿಲ್ಲ. ಇನ್ನು ಯಂತ್ರ ಕಳಚಿ ಕೊಳವೆ ಜೋಡಿಸಿ, ಮೇಲಿನ ಹಡಗಿಗೆ ಪಂಪು ಮಾಡುವುದು. ಅದೇ ಟ್ಯಾಂಕಿನ ಕೆಳಭಾಗದಲ್ಲಿ ಇನ್ನೊಂದು ತೂತು ಬೇಕೇ ಬೇಕು. ಎಣ್ಣೆ ಹೊರಟ ಜಾಗಕ್ಕೆ ಅಲ್ಲಿಂದ ಕಡಲ ನೀರು ಬಾರದಿದ್ದರೆ ಸವೆದ ಟ್ಯಾಂಕು ಒಳಕ್ಕೆ ಕುಗ್ಗಬಹುದು.

ಡೀಸೆಲ್ ತಾನಾಗಿ ಏರುತ್ತದೆ. ಫರ್ನೇಸ್ ಆಯಿಲ್ ಹಾಗಲ್ಲ, ತಣ್ಣನೆಯ ನೀರಿನಲ್ಲಿ ಅದು ಗಟ್ಟಿಬೆಲ್ಲದ ಪಾಕದಂತೆ ಕೂತಿರುತ್ತದೆ. ಲಕೆನ್‌ಬಾಕ್‌ನಲ್ಲಿ ಹಬೆಯಿಂದ ಕಾಯಿಸಿ ಎಣ್ಣೆಯನ್ನು ತೆಳುವಾಗಿಸಬೇಕಾಯಿತು. ಅಷ್ಟು ಮಾಡಿಯೂ ಒಂದು ಬೇಸಿಗೆಯಿಡೀ ದುಡಿದು ತೆಗೆದದ್ದು ಸುಮಾರು 3.8 ಲಕ್ಷ ಲೀಟರ್. ಪೆಸಿಫಿಕ್ ಸಾಗರದ ಉಲಿತಿ ದ್ವೀಪವಲಯದಲ್ಲಿ 1944ರ ನವೆಂಬರ್ 20ರಂದು ತಲೆಕೆಳಗಾಗಿ ಮುಳುಗಿದ್ದ ‘ಮಿಸಿಸಿನೆವಾ’ ತೈಲಹಡಗು 2001ರ ಚಂಡಮಾರುತದ ಬಳಿಕ ಸೋರತೊಡಗಿತು. ಅಲ್ಲಿನವರ ಮೀನುಗಾರಿಕೆಯೇ ನಿಂತುಹೋಯಿತು. 2003ರಲ್ಲಿ ಅಮೆರಿಕದ ನೌಕಾಪಡೆ ಅದರ ತಳದ ತಗಡನ್ನು ಕೊರೆದು 68 ಲಕ್ಷ ಲೀಟರಿನಷ್ಟು ಎಣ್ಣೆಯನ್ನು ಹೊರತೆಗೆಯಿತು. 57 ವರ್ಷ ಸುಮ್ಮನಿದ್ದ ಹಡಗು ಒಂದು ಬಿರುಗಾಳಿಗೆ ಬಾಯಿ ಬಿಟ್ಟಿತ್ತು.

ಪಶ್ಚಿಮ ಕರಾವಳಿಯಲ್ಲಿ ಈ ಕೆಲಸಕ್ಕೆ ಸಿಗುವುದು ಅಕ್ಟೋಬರಿನಿಂದ ಮೇವರೆಗಿನ ದಿನಗಳು ಮಾತ್ರ. ಜೂನಿನಲ್ಲಿ ಮುಳುಗಿದ ಹಡಗಿಗೆ ಸೆಪ್ಟೆಂಬರಿನವರೆಗೆ ಹಾಟ್ ಟ್ಯಾಪಿಂಗ್ ಕನಸಿನ ಮಾತು. ಆ ಅವಧಿಯಲ್ಲಿ ಕಡಲು ಒಂದೆರಡು ದಿನ ತಣ್ಣಗಾದಾಗ ಮಾಡಬಹುದಾದದ್ದು ಗಾಳಿಕೊಳವೆ, ಅಳತೆ ಕೊಳವೆಗಳ ಬಾಯಿಗೆ ಬಿರಡೆ ಹಾಕುವುದು. ಸೋರಿಕೆ ಮೊದಲು ಆಗುವುದೇ ಅಲ್ಲಿಂದ, ತಗಡಿನಿಂದಲ್ಲ. ಎಲ್ಸಾ 3ರಲ್ಲೂ ಇಂಥ ಬಾಯಿಗಳನ್ನು ಮುಚ್ಚುವ ಕೆಲಸವನ್ನೇ ಮೊದಲು ಕೈಗೆತ್ತಿಕೊಂಡರು. ಇನ್ನೊಂದು ವಿಷಯ: 50 ಮೀಟರಿನ ಆಳದಲ್ಲಿ ಸಾಮಾನ್ಯ ಮುಳುಗು ತಜ್ಞ ಕೆಲವೇ ನಿಮಿಷ ದುಡಿಯಬಲ್ಲ. ಒತ್ತಡದ ಕೋಣೆಯಲ್ಲೇ ದಿನಗಟ್ಟಲೆ ವಾಸಿಸುವ ‘ಸ್ಯಾಚುರೇಶನ್’ ತಂಡ ಬೇಕೆಂದರೆ ಅದಕ್ಕೆಂದೇ ಸಜ್ಜಾದ ಹಡಗನ್ನು ಕರೆಸಬೇಕು. ಗುತ್ತಿಗೆಯ ಮಾತುಕತೆ ಆಗಸ್ಟಿನಲ್ಲೇ ಮುಗಿದಿದ್ದರೆ ಮಾತ್ರ ಅಕ್ಟೋಬರಿನಲ್ಲಿ ಕೆಲಸ ಶುರುವಾಗುತ್ತದೆ.

ದಡದ ಸಿದ್ಧತೆ

2006ರ ಮೇ 30ರಂದು ‘ಓಷನ್ ಸೆರಾಯಾ’ ಕಾರವಾರದ ಆಯಿಸ್ಟರ್ ರಾಕ್ ಬಂಡೆಗೆ ತಾಗಿ ಒಡೆದಾಗ ಮಳೆಗಾಲ ಕಾಲಿಟ್ಟಿತ್ತು, ಎಣ್ಣೆ ಕಾರವಾರದ ಮತ್ತು ದಕ್ಷಿಣ ಗೋವಾದ ಮರಳಿಗೆ ಬಂದು ಬಿತ್ತು. ಮರಳಿನ ಮೇಲಿನ ಎಣ್ಣೆಯನ್ನು ಹೇಗಾದರೂ ತೆಗೆಯಬಹುದು. ಅಳಿವೆಯೊಳಗೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಉಸಿರುಬೇರಿಗೆ ಮೆತ್ತಿದ ಎಣ್ಣೆಯನ್ನು ತೆಗೆಯುವ ಬಗೆ ಇಲ್ಲವೆಂದೇ ಹೇಳಬೇಕು. ಆದ್ದರಿಂದ ಎಣ್ಣೆ ಹರಡದಂತೆ ನೀರಿನ ಮೇಲೆ ಕಟ್ಟುವ ತೇಲುತಡೆಗಳು (ಬೂಮ್) ಕಡಿಮೆಯಿದ್ದರೆ ಬೀಚನ್ನು ಬಿಟ್ಟು ಅಳಿವೆಯ ಬಾಯಿಗೆ ಹಾಕಬೇಕು. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಿನಲ್ಲಿ ಚಿಪ್ಪಿಮೀನು ಆಯುವ ಹೆಂಗಸರ ಕೂಲಿ ನಿಂತಿರುವುದು ಆ ಬಾಯಿಯ ಮೇಲೆ. ತೇಲುತಡೆಯನ್ನು ಸೆಳೆತಕ್ಕೆ ನೇರ ಅಡ್ಡವಾಗಿ ಕಟ್ಟಬಾರದು. ನೀರಿನ ವೇಗ 0.7 ನಾಟ್, ಅಂದರೆ ಗಂಟೆಗೆ 1.3 ಕಿಲೋಮೀಟರ್ ದಾಟಿದರೆ ಎಣ್ಣೆ ಅದರಡಿಯಿಂದ ನುಸುಳುತ್ತದೆ. ಓರೆಯಾಗಿ ಕಟ್ಟಿದರೆ ಎಣ್ಣೆ ಒಂದು ಮೂಲೆಗೆ ಸರಿದು ಬರುತ್ತದೆ, ಅಲ್ಲಿಂದ ಎತ್ತಬಹುದು.

ಬೀಚಿಗೆ ಜೆಸಿಬಿ ಇಳಿಸುವುದನ್ನು ತಡೆಯಿರಿ. ಅದು ಮೇಲಿನ ಎರಡಂಗುಲದ ಎಣ್ಣೆಯನ್ನು ಎರಡಡಿ ಕೆಳಗೆ ತುರುಕಿ, ಒಂದು ಟನ್ ಕಸವನ್ನು ಇಪ್ಪತ್ತು ಟನ್ ಮಾಡುತ್ತದೆ. ಚಪ್ಪಟೆ ಗುದ್ದಲಿ, ಹಾರೆಯಿಂದ ಮೇಲ್ಪದರವನ್ನಷ್ಟೇ ಕೆರೆದು, ಭರತದ ಗೆರೆಯಿಂದ ಮೇಲೆ, ದಪ್ಪ ತಾಡಪಾಲು ಹಾಸಿದ ಗುಂಡಿಯಲ್ಲಿ ಇಡಬೇಕು. ಅಲ್ಲಿಂದ ಮುಂದೆ ಎಲ್ಲಿಗೆ ಸಾಗಿಸಬೇಕೆಂದು ಮಾಲಿನ್ಯ ನಿಯಂತ್ರಣ ಮಂಡಳಿಯವರು ಹೇಳುತ್ತಾರೆ. ಸಾಬೂನಿನ ಪುಡಿ ಸುರಿಯುವುದು, ಬೆಂಕಿ ಹಚ್ಚುವುದು ಎರಡೂ ಬೇಡ. ಕೈಗವಸು, ಬೂಟು ಇಲ್ಲದವರನ್ನು, ಗರ್ಭಿಣಿಯರನ್ನು, ಮಕ್ಕಳನ್ನು ಈ ಕೆಲಸಕ್ಕೆ ಇಳಿಸಬಾರದು. ಉತ್ಸಾಹದಿಂದ ಬರುವ ಸ್ವಯಂಸೇವಕರಿಗೆ ಇದನ್ನು ಖಡಾಖಂಡಿತವಾಗಿ ಹೇಳುವವರೊಬ್ಬರು ದಡದಲ್ಲಿರಲೇಬೇಕು. ಪ್ಲಾಸ್ಟಿಕ್ ಕಾಳು ಬಂದಿದ್ದರೆ ಜರಡಿ ಹಿಡಿಯುವುದೊಂದೇ ದಾರಿ. 2021ರಲ್ಲಿ ಕೊಲಂಬೋ ಬಳಿ ಸುಟ್ಟು ಮುಳುಗಿದ ‘ಎಕ್ಸ್‌ಪ್ರೆಸ್ ಪರ್ಲ್’ ಹಡಗಿನಿಂದ ಸಿಂಹಳದ ಕಡಲಿಗೆ ಸೇರಿದ ಕಾಳುಗಳು 1,600 ಟನ್ನಿಗೂ ಹೆಚ್ಚು.

ಹಣ ಯಾರದು, ಗಡುವು ಯಾವುದು

ಮುಳುಗಿದ ಹಡಗನ್ನು ತೆಗೆಯುವ ಹೊಣೆ ಮಾಲೀಕನದೇ ಎಂದು ಹೇಳುವ 2007ರ ನೈರೋಬಿ ಒಪ್ಪಂದ 2015ರ ಏಪ್ರಿಲ್ 14ರಿಂದ ಜಾರಿಯಲ್ಲಿದೆ, ಭಾರತ 2011ರಲ್ಲೇ ಅದನ್ನು ಸೇರಿದೆ. 300 ಗ್ರಾಸ್ ಟನ್ನೇಜು (ಹಡಗಿನ ಒಳಗಾತ್ರದ ಅಳತೆ) ಮತ್ತು ಅದಕ್ಕೂ ದೊಡ್ಡ ಹಡಗುಗಳು ಇದಕ್ಕಾಗಿ ವಿಮೆ ಹೊಂದಿರಲೇಬೇಕು. ಮಾಲೀಕ ಕೈಗೆ ಸಿಗದಿದ್ದರೂ ವಿಮೆಯ ಸಂಸ್ಥೆಯಿಂದ ನೇರವಾಗಿ ವಸೂಲು ಮಾಡಬಹುದು. ಸರ್ಕಾರ ಗಡುವು ಕೊಟ್ಟು, ಅಷ್ಟರಲ್ಲಿ ಮಾಲೀಕ ಕೆಲಸ ಮಾಡದಿದ್ದರೆ ತಾನೇ ಮಾಡಿಸಿ ಖರ್ಚು ಕೇಳಬಹುದು. ಆದರೆ ಹಕ್ಕಿಗೂ ಗಡುವಿದೆ. ಅಪಾಯವಿದೆಯೆಂದು ತೀರ್ಮಾನಿಸಿದ ದಿನದಿಂದ 3 ವರ್ಷ, ಏನೇ ಆದರೂ ದುರ್ಘಟನೆಯ ದಿನದಿಂದ 6 ವರ್ಷ ದಾಟಿದರೆ ವಸೂಲಿ ಮೊಕದ್ದಮೆ ನಿಲ್ಲದು. ಕಚೇರಿಯಿಂದ ಕಚೇರಿಗೆ ಪತ್ರ ಓಡಾಡುವ ವೇಗ ಬಲ್ಲವರಿಗೆ 3 ವರ್ಷವೆಂದರೆ ಎಷ್ಟು ಕಡಿಮೆಯೆಂದು ಹೇಳಬೇಕಿಲ್ಲ. ಯುದ್ಧನೌಕೆಗಳಿಗೂ, ಒಪ್ಪಂದಕ್ಕೆ ಮೊದಲು ಮುಳುಗಿದವುಗಳಿಗೂ ಈ ದಾರಿಯಿಲ್ಲ.

2011ರ ಆಗಸ್ಟಿನಲ್ಲಿ 60,000 ಟನ್ ಕಲ್ಲಿದ್ದಲಿನೊಂದಿಗೆ ಮುಂಬೈ ಆಚೆ ಮುಳುಗಿದ ‘ಎಂ.ವಿ. ರಾಕ್’ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಹಡಗಿನ ಕಡೆಯವರಿಗೆ 100 ಕೋಟಿ ರೂಪಾಯಿಯ ಪರಿಸರ ಪರಿಹಾರ ವಿಧಿಸಿತು. ಮೀನುಗಾರರು ತಮ್ಮ ನಷ್ಟವನ್ನು ಕೇಳಬೇಕಾದರೆ ನಷ್ಟಕ್ಕೆ ಮೊದಲಿನ ದಾಖಲೆ ಬೇಕು. ಹಿಂದಿನ ಎರಡು-ಮೂರು ವರ್ಷಗಳ ಹರಾಜಿನ ಚೀಟಿ, ಡೀಸೆಲ್ ಬಿಲ್ಲು, ಮಂಜುಗಡ್ಡೆಯ ಬಿಲ್ಲು, ಕಡಲಿಗಿಳಿದ ದಿನಗಳ ಪಟ್ಟಿಯನ್ನು ಸಂಘದ ಕಚೇರಿಯಲ್ಲಿ ಒಂದೆಡೆ ಇಟ್ಟುಕೊಳ್ಳುವ ರೂಢಿ ಇದ್ದರೆ ಒಳ್ಳೆಯದು. ಜೂನ್-ಜುಲೈ ತಿಂಗಳ 61 ದಿನಗಳ ನಿಷೇಧದಲ್ಲಿ ನಷ್ಟವಾಯಿತೆಂದು ಯಾಂತ್ರಿಕ ಬೋಟಿನವರು ಬರೆದರೆ ವಿಮೆಯವರು ಇಡೀ ಅರ್ಜಿಯನ್ನೇ ಸಂಶಯದಿಂದ ನೋಡುತ್ತಾರೆ. ಆ ದಿನಗಳಲ್ಲಿ ದುಡಿಯುವ ನಾಡದೋಣಿಗಳ ಲೆಕ್ಕವನ್ನು ಬೇರೆಯಾಗಿಯೇ ಕೊಡಬೇಕು.

ಕೆಲಸ ಮುಗಿದ ಮೇಲೆ

‘ಎಣ್ಣೆ ಖಾಲಿಯಾಯಿತು’ ಎಂಬ ಮಾತನ್ನು ಅಕ್ಷರಶಃ ನಂಬಬಾರದು. ಲಕೆನ್‌ಬಾಕ್‌ನಲ್ಲಿ ಕೈಗೆಟುಕದ ಮೂಲೆಗಳಲ್ಲಿ ಒಂದು ಲಕ್ಷ ಲೀಟರಿಗೂ ಹೆಚ್ಚು ಎಣ್ಣೆ ಉಳಿಯಿತು, ಟ್ಯಾಂಕುಗಳನ್ನು ಮುಚ್ಚಿ ಅದನ್ನು ಅಲ್ಲೇ ಬಿಟ್ಟರು. ತಂಡ ಹೊರಡುವ ಮೊದಲು ಅವರಿಂದ ಪಡೆಯಬೇಕಾದದ್ದು ಒಂದು ಹಾಳೆ. ಯಾವ ಟ್ಯಾಂಕಿನಿಂದ ಎಷ್ಟು ತೆಗೆದರು, ಎಷ್ಟು ಉಳಿದಿರಬಹುದು, ಯಾವ ವಾಲ್ವ್ ಎಲ್ಲಿದೆ, ಆ ದಿನ ತಗಡಿನ ದಪ್ಪ ಎಷ್ಟಿತ್ತು, ಮುಂದಿನ ಅಳತೆ ಯಾವ ವರ್ಷ ಆಗಬೇಕು ಎಂಬುದೆಲ್ಲ ಅದರಲ್ಲಿರಬೇಕು. ಉಪಗ್ರಹದ ರಾಡಾರ್ ಚಿತ್ರಗಳಲ್ಲಿ ಎಣ್ಣೆಯ ಪಟ್ಟೆ ಕಪ್ಪಾಗಿ ಕಾಣುವುದರಿಂದ, ವರ್ಷಕ್ಕೆ ಕೆಲವು ಸಲ, ಅದರಲ್ಲೂ ಬಿರುಗಾಳಿ ಎದ್ದುಹೋದ ಮೇಲೆ, ಆ ಜಾಗದ ಚಿತ್ರ ತೆಗೆದು ನೋಡುವುದಕ್ಕೆ ಹೆಚ್ಚಿನ ಖರ್ಚಿಲ್ಲ.

ಜಿಲ್ಲಾಧಿಕಾರಿ ವರ್ಗವಾಗುತ್ತಾರೆ, ಕೋಸ್ಟ್ ಗಾರ್ಡಿನ ಅಧಿಕಾರಿ ಬೇರೆ ನೆಲೆಗೆ ಹೋಗುತ್ತಾರೆ, ಕಡತ ದಾಖಲೆ ಕೋಣೆ ಸೇರುತ್ತದೆ. ಹಾಗಾಗಿ ಆ ಹಾಳೆಯ ಒಂದು ಪ್ರತಿಯನ್ನು ಚೌಕಟ್ಟು ಹಾಕಿಸಿ ಮೀನುಗಾರಿಕಾ ದಕ್ಕೆಯ ಹರಾಜು ಕಟ್ಟೆಯ ಗೋಡೆಗೂ ತೂಗುಹಾಕುವುದು ಉತ್ತಮ. ಆ ಜಾಗದ ಆಸುಪಾಸಿನಲ್ಲಿ ವರ್ಷವರ್ಷವೂ ಬಲೆ ಎಳೆಯುವವರು ಅಲ್ಲಿಗೆ ಬರುವವರೇ, ನೀರಿನ ಮೇಲಿನ ಮೊದಲ ಹೊಳಪು ಕಣ್ಣಿಗೆ ಬೀಳುವುದೂ ಅವರಿಗೇ.